ಅವಸರ ಬೇಡವೆಂದು ಬೇಡಿಕೊಂಡ ಅಕ್ಕ

ನಮ್ಮ ಅಕ್ಕನ ಹಾಗೆ ರಾಷ್ಟ್ರಪತಿಯ ಮುಖವನ್ನು ದಿಟ್ಟಿಸಿ ನೋಡಿದವರು ಇಡೀ ಪೀಣ್ಯದಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಮಧ್ಯಾಹ್ನ ನಾವು ಹೆಂಗಸರೆಲ್ಲ ಡಬ್ಬಿ ಬಿಚ್ಚಿಕೊಂಡು ಕೂತಾಗ, ರೊಟ್ಟಿ ಸುತ್ತಿ ತಂದ ಪೇಪರಿನಲ್ಲಿ ಆ ಫೋಟೋ ಕಂಡರೆ ಸಾಕು, ಊಟ ಅಲ್ಲಿಗೇ ನಿಲ್ಲುತ್ತಿತ್ತು. ಎಣ್ಣೆ ಕಲೆಯನ್ನು ಸೆರಗಿನಿಂದ ಒರೆಸಿ, ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದರು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ. "ಕಣ್ಣು ಚಲೋ ಅದಾವ ತಂಗಿ. ಆದ್ರ ತುಟಿ ಬಿಗಿ ಹಿಡದಾರ ನೋಡು," ಎನ್ನುವರು. ಇನ್ನೊಂದು ದಿನ ಅದೇ ಮುಖ ನಗುತ್ತಿರುವ ಫೋಟೋ ಸಿಕ್ಕರೆ ಅಕ್ಕನಿಗೂ ಅವತ್ತೆಲ್ಲ ಸ್ವಲ್ಪ ಗೆಲುವು. ರಾಷ್ಟ್ರಪತಿಗಳು ಬದಲಾದರು. ಅಕ್ಕ ಹೊಸ ಮುಖವನ್ನು ಮತ್ತೆ ಮೊದಲಿನಿಂದ ಓದಲು ಶುರುಮಾಡಿದರು.

ಅಕ್ಕ ಹೋಗಿ ಈ ಯುಗಾದಿಗೆ ವರ್ಷವಾಯಿತು. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಪೊಲೀಸರು, ಪೇಪರಿನವರು ಅವರ ಹೆಸರನ್ನು ಬೇಕಾದಷ್ಟು ಸಲ ಬರೆದಿದ್ದಾರೆ, ಅದೂ ಯಾವಾಗಲೂ ಇಂಥವನ ಹೆಂಡತಿ ಅಂತ. ಅವರು ಬಾಗಲಕೋಟೆ ಕಡೆಯವರು. ಪೀಣ್ಯ ಎರಡನೇ ಹಂತದ ನಮ್ಮ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದರು. ನಾನು ಅದೇ ಲೈನಿನಲ್ಲಿ ಚೆಕಿಂಗ್. ಹೊಲಿದದ್ದನ್ನು ತಿರುಗಿಸಿ ನೋಡಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು, ಅದಕ್ಕೇ ನನ್ನ ನಾಲಿಗೆ ಉದ್ದ ಅಂತ ಮಾದನಾಯಕನಹಳ್ಳಿಯ ನಮ್ಮ ಮನೆಯಲ್ಲೂ ಅನ್ನುತ್ತಾರೆ. ಅಕ್ಕನ ಕಾಲರುಗಳನ್ನೂ ನಾನು ವಾಪಸ್ ಕಳಿಸಿದ್ದುಂಟು. "ನೀ ಪೊಲೀಸ್ ಆಗಬೇಕಿತ್ತು ನೋಡು," ಎಂದು ಹಲ್ಲಿನಲ್ಲೇ ದಾರ ಕಡಿದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು.

ನಮ್ಮ ಫ್ಯಾಕ್ಟರಿಯ ಗೇಟು ಬೆಳಿಗ್ಗೆ ಮುಚ್ಚಿದರೆ ತೆರೆಯುವುದು ಸಂಜೆಯೇ. ನಡುವೆ ಹೊರಗೆ ಹೋಗಬೇಕೆಂದರೆ ಗೇಟ್ ಪಾಸ್ ಬೇಕು. ಅದಕ್ಕೆ ಸೂಪರ್‌ವೈಸರ್ ಸಹಿ, ಅವನ ಮೇಲೆ ಫ್ಲೋರ್ ಇನ್‌ಚಾರ್ಜ್ ಸಹಿ. ಇನ್‌ಚಾರ್ಜ್ ಮೇಲಿನ ಆಫೀಸಿಗೆ ಫೋನು ಮಾಡಿ ಕೇಳದೆ ಪೆನ್ನು ತೆಗೆಯುವುದಿಲ್ಲ. ಹೆತ್ತ ಮಗುವಿಗೆ ಜ್ವರ ಬಂದರೂ ಇಷ್ಟೂ ಬಾಗಿಲು ತಟ್ಟಬೇಕು. ರಜೆಯ ಕಥೆಯೂ ಇದೇ. ಅಕ್ಕ ಆಗೊಮ್ಮೆ ಈಗೊಮ್ಮೆ ಶನಿವಾರ ರಜೆ ಕೇಳುತ್ತಿದ್ದರು. ಕಾರಣ ಕೇಳಿದರೆ "ಮನಿಯವ್ರಿಗೆ ಆರಾಮಿಲ್ರಿ" ಎನ್ನುತ್ತಿದ್ದರು. ಒಂದು ಸಲ ಇನ್‌ಚಾರ್ಜ್ ಎಲ್ಲರೆದುರು ಗದರಿದ. "ಏನಮ್ಮಾ, ನಿಮ್ಮ ಯಜಮಾನ್ರಿಗೆ ಯಾವಾಗ್ಲೂ ಹುಷಾರಿರಲ್ಲ. ಯಾವ ಆಸ್ಪತ್ರೆ? ಡಾಕ್ಟ್ರ ಚೀಟಿ ತನ್ನಿ."

ಅವತ್ತು ಊಟದ ಹೊತ್ತಿನಲ್ಲಿ ಅಕ್ಕ ನೀರಿನ ನಲ್ಲಿಯ ಹತ್ತಿರ ಒಬ್ಬರೇ ನಿಂತಿದ್ದರು. ನಾನು ಹೋಗಿ ಕೇಳಿದೆ.

"ಆಸ್ಪತ್ರ್ಯಾಗಿಲ್ಲ ತಂಗಿ. ಬೆಳಗಾವಿ ಜೈಲಿನ್ಯಾಗ ಅದಾನ. ಗಲ್ಲು ಶಿಕ್ಷಾ ಆಗೇತಿ."

ನನ್ನ ಉದ್ದ ನಾಲಿಗೆ ಒಣಗಿಹೋಯಿತು. "ಸುಳ್ಳು ಕೇಸಾ ಅಕ್ಕ?" ಎಂದೆ. ನಾವು ನೋಡಿದ ಸಿನಿಮಾಗಳಲ್ಲಿ ಜೈಲಿಗೆ ಹೋದ ಗಂಡಂದಿರೆಲ್ಲ ನಿರಪರಾಧಿಗಳೇ ತಾನೆ.

"ಸುಳ್ಳಲ್ಲ. ಮಾಡ್ಯಾನ. ಮಾಡಿಲ್ಲ ಅಂತ ನಾ ಅನ್ನೂದಿಲ್ಲ."

ಆಫೀಸಿನವರ ಮುಂದೆ 'ಮನಿಯವ್ರು' ಆಗಿದ್ದ ಗಂಡ ನನ್ನ ಮುಂದೆ 'ಅಂವ' ಆದ. ಹೊಲದ ಬದುವಿನ ಜಗಳ. ಒಡಹುಟ್ಟಿದ ಅಣ್ಣನನ್ನೂ ಅಣ್ಣನ ಇಬ್ಬರು ಗಂಡುಮಕ್ಕಳನ್ನೂ ಒಂದೇ ಬೆಳಿಗ್ಗೆ ಹೊಲದಲ್ಲಿ ಕೊಡಲಿಯಿಂದ ಕೊಂದಿದ್ದ. ಉಳಿದವಳು ಅಣ್ಣನ ಹೆಂಡತಿ, ಅಕ್ಕನ ನೆಗೆಣ್ಣಿ, ಒಬ್ಬಳೇ. "ಆ ಹುಡುಗರ್ನ ನಾ ಎತ್ತಿ ಆಡ್ಸೀನಿ ತಂಗಿ. ಸಣ್ಣಾಂವಗ ನನ್ನ ಕೈ ತುತ್ತ ಬೇಕಿತ್ತು. ನನಗ ಮಕ್ಕಳಾಗಲಿಲ್ಲ, ಅವರ ನನ್ನ ಮಕ್ಕಳಾಗಿದ್ರು." ಊರಿನಲ್ಲಿ ಮುಖ ತೋರಿಸಲಾಗದೆ ಬೆಂಗಳೂರಿಗೆ ಬಂದರು. ಕೆಳಗಿನ ಕೋರ್ಟಿನಿಂದ ಮೇಲಿನ ಕೋರ್ಟಿನವರೆಗೂ ಗಲ್ಲೇ ಖಾಯಂ ಆಯಿತು. ಉಳಿದದ್ದು ರಾಷ್ಟ್ರಪತಿ. "ನಾ ಅವಂಗ ಕ್ಷಮಾ ಮಾಡಿಲ್ಲ. ಅವರು ಮಾಡ್ಲಿ ಅಂತ ಅರ್ಜಿಗೆ ಹೆಬ್ಬಟ್ಟ ಒತ್ತೀನಿ," ಎಂದರು. ಇದನ್ನು ಹೇಳುವಾಗ ಅಕ್ಕನ ಕಣ್ಣಲ್ಲಿ ನೀರಿರಲಿಲ್ಲ. ನಾನೇ ಅತ್ತೆ.

ನಾನು ಪಿಯುಸಿಯಲ್ಲಿ ರಾಜ್ಯಶಾಸ್ತ್ರ ಓದಿದವಳು. ರಾಷ್ಟ್ರಪತಿಯ ಅಧಿಕಾರಗಳು ಅಂತ ಒಂದು ದೊಡ್ಡ ಪ್ರಶ್ನೆ ಬರುತ್ತಿತ್ತು. ಗಿಳಿಪಾಠ ಮಾಡಿ ಬರೆದು ಅಂಕ ತೆಗೆದುಕೊಂಡಿದ್ದೆ. ಕ್ಷಮಾದಾನ ಅನ್ನುವುದು ಅದರಲ್ಲಿ ಕೊನೆಯಲ್ಲಿ ಬರುವ ಒಂದು ಸಾಲು. ಆ ಸಾಲಿನ ಕೆಳಗೆ ಯಾರಾದರೂ ಕೂತಿರುತ್ತಾರೆ ಅಂತ ನಮ್ಮ ಲೆಕ್ಚರರ್ ಹೇಳಿರಲಿಲ್ಲ. ಅಕ್ಕನಿಗೆ ನಾನೇ ಲೆಕ್ಚರರ್ ಆದೆ.

"ರಾಷ್ಟ್ರಪತಿ ಮನಸ್ಸು ಮಾಡಿದ್ರೆ ಗಲ್ಲು ತಪ್ಪಿಸ್ಬೋದಕ್ಕ. ಆದ್ರೆ ಅವರೊಬ್ರೇ ತೀರ್ಮಾನ ಮಾಡೋ ಹಾಗಿಲ್ಲ. ಮಂತ್ರಿಗಳು ಏನು ಹೇಳ್ತಾರೋ ಅದರಂಗೆ ನಡ್ಕೋಬೇಕು. ಬೇಕಾದ್ರೆ ಇನ್ನೊಂದ್ಸಲ ಯೋಚ್ನೆ ಮಾಡಿ ಅಂತ ಫೈಲು ವಾಪಸ್ ಕಳಿಸ್ಬೋದು, ಅಷ್ಟೇ."

"ಸಹಿ ಮಾಡೂದು ಇವರು, ಹೇಳೂದು ಅವರು?"

"ಹೂಂ."

"ಹಂಗಂದ್ರ ನಮ್ಮ ಫ್ಲೋರ್ ಇನ್‌ಚಾರ್ಜ್ ಇದ್ದಂಗ ಅನ್ನು."

ಅಂಥ ಹೊತ್ತಿನಲ್ಲೂ ನಗು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಮಾತು ಎಲ್ಲಿ ಬೇಕಾದರೂ ಸಲ್ಲುತ್ತದೆ. ಅಕ್ಕ ಮುಂದುವರಿಸಿದರು. "ಎಷ್ಟು ದಿನದಾಗ ಹೇಳಬೇಕಂತ ಐತಿ?"

"ಅದಕ್ಕೆ ಗಡುವು ಅಂತ ಏನೂ ಇಲ್ಲಕ್ಕ."

"ತಾಸಿಗೆ ಇಷ್ಟ ಪೀಸು ಅಂತ ಗಡುವು ನಮಗಷ್ಟ ಏನು?" ಎಂದು ಕೇಳಿ ಎದ್ದುಹೋದರು. ಬೆಲ್ಲು ಹೊಡೆದಿತ್ತು.

ಜೈಲಿಗೆ ಹೋಗುವಾಗಲೆಲ್ಲ ಅಕ್ಕ ಶೇಂಗಾ ಹೋಳಿಗೆ ಮಾಡಿಕೊಂಡು ಹೋಗುತ್ತಿದ್ದರು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವೆಂದು ಪ್ರತಿ ಸಲವೂ ಗೇಟಿನಲ್ಲಿ ವಾಪಸ್ ಕೊಡುತ್ತಿದ್ದರು. ಬಿಡುವುದಿಲ್ಲ ಅಂತ ಗೊತ್ತಿದ್ದೂ ಮುಂದಿನ ಸಲ ಮತ್ತೆ ಮಾಡುತ್ತಿದ್ದರು. ಸೋಮವಾರ ಆ ಹೋಳಿಗೆ ನಮಗೆ. "ಅವನ ಪಾಲು ನೀವ ತಿನ್ರಿ," ಎಂದು ಹಂಚುವರು. ವಿಷಯ ಹರಡಿದ ಮೇಲೆ ಕೆಲವರು ಕೈಚಾಚುವುದನ್ನು ಬಿಟ್ಟರು. ಮೂರು ಹೆಣ ಬೀಳಿಸಿದವನ ಪಾಲನ್ನು ಹೇಗೆ ತಿನ್ನುವುದು ಅಂತ ಒಬ್ಬಳು ಅವರ ಮುಖಕ್ಕೇ ಅಂದಳು. ಅಕ್ಕ ಜಗಳಕ್ಕೆ ಹೋಗಲಿಲ್ಲ. ಅವಳು ಹೇಳಿದ್ದು ಸರಿ ಅಂತ ಅಕ್ಕನಿಗೂ ಅನ್ನಿಸಿತ್ತೋ ಏನೋ. ನಾನಂತೂ ತಿಂದೆ, ಚೆನ್ನಾಗಿರುತ್ತಿತ್ತು. ಒಳಗೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಎತ್ತು ಹೇಗಿವೆ ಅಂತ ಕೇಳುತ್ತಿದ್ದನಂತೆ. ಎತ್ತುಗಳನ್ನು ಕೇಸಿನ ಮೊದಲ ವರ್ಷವೇ ಮಾರಿಯಾಗಿತ್ತು. "ಚಲೋ ಅದಾವ ಅಂತೀನಿ. ಸಾಯಾಂವಗ ಎತ್ತಿನ ಚಿಂತಿ ಯಾಕ," ಎನ್ನುತ್ತಿದ್ದರು ಅಕ್ಕ.

ಮಂಗಳವಾರ ಅಕ್ಕ ಉಪವಾಸ. ಡಬ್ಬಿಯನ್ನೇ ತರುತ್ತಿರಲಿಲ್ಲ. ಜೈಲಿನಿಂದ ಬರುವ ದಾರಿಯಲ್ಲಿ ಸವದತ್ತಿಗೆ ಹೋಗಿ ಎಲ್ಲಮ್ಮನಿಗೆ ಹರಕೆ ಹೊತ್ತಿದ್ದರು. ಜಲ್ದಿ ತೀರ್ಮಾನ ಬರಲಿ, ಇತ್ತಾಗರೆ ಆಗಲಿ ಅತ್ತಾಗರೆ ಆಗಲಿ, ಬರುವ ತನಕ ಮಂಗಳವಾರ ಅನ್ನ ಮುಟ್ಟುವುದಿಲ್ಲ, ಬಂದ ಮೇಲೆ ಉಡಿ ತುಂಬುತ್ತೇನೆ ಅಂತ. ವರ್ಷಗಳು ಕಳೆದವು, ಮಂಗಳವಾರಗಳೂ ಕಳೆದವು. ಒಮ್ಮೆ ಹಸಿವಿಗೆ ತಲೆ ಸುತ್ತಿ ಮೆಷಿನಿನ ಸೂಜಿ ಬೆರಳಿಗೇ ಇಳಿಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ಕೂತರು. ಕೇಳಿದರೆ, "ಅವ್ವ ಕೇಳವಲ್ಲಳು ತಂಗಿ, ನಾ ಬಿಡೂದಿಲ್ಲ," ಎಂದರು.

ಇಂಥ ಕೇಸುಗಳನ್ನು ದುಡ್ಡು ಕೇಳದೆ ನೋಡುವ ಒಬ್ಬ ವಕೀಲೆ ಬೆಂಗಳೂರಿನಲ್ಲಿ ಸಿಕ್ಕರು. ಒಂದು ಭಾನುವಾರ ನಾನೂ ಜೊತೆಗೆ ಹೋದೆ. ದೆಹಲಿಗೆ ಹೋಗಿ ಯಾರ ಕಾಲಾದರೂ ಹಿಡಿದು ಬೇಗ ಮುಗಿಸಿಕೊಡಿ ಎಂದು ಅಕ್ಕ ಕೈಮುಗಿದರು. ಆ ಹುಡುಗಿ, ಹುಡುಗಿಯೇ ಅನ್ನಬೇಕು ಅಷ್ಟು ಚಿಕ್ಕ ವಯಸ್ಸು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಅಮ್ಮಾ, ನೋಡಿ. ರಾಷ್ಟ್ರಪತಿ ಯಾಕೆ ಕ್ಷಮಿಸ್ಲಿಲ್ಲ ಅಂತ ಕೋರ್ಟು ಕೇಳೋಕೆ ಹೋಗಲ್ಲ. ಆದ್ರೆ ಇಷ್ಟು ವರ್ಷ ಯಾಕೆ ಕಾಯ್ಸಿದ್ರಿ ಅಂತ ಕೇಳ್ಬೋದು. ಸಾವು ಇವತ್ತೋ ನಾಳೆನೋ ಅಂತ ಮನುಷ್ಯನ್ನ ಕೂರಿಸೋದೂ ಒಂದು ಶಿಕ್ಷೆನೇ ಅಲ್ವಾ? ತಡ ಆದಷ್ಟೂ ನಮ್ಮ ಕೈಗೆ ಒಂದು ಆಧಾರ ಸಿಗುತ್ತೆ. ಬೇಗ ಬೇಗ ಅಂತ ಈಗ ನೀವು ಯಾರ ಹತ್ರಾನೂ ಹೋಗ್ಬೇಡಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಯಶವಂತಪುರ ಬಂದಾಗ ಅಕ್ಕ ನನ್ನ ಮೊಣಕೈ ಹಿಡಿದರು. "ಹರಕಿ ಹೊತ್ತೀನಲ್ಲ ತಂಗಿ. ಜಲ್ದಿ ಮಾಡು ಅಂದೀನಿ. ಅವ್ವ ಈಗ ಕೇಳಿಬಿಟ್ರ? ಹೊತ್ತ ಹರಕಿ ವಾಪಸ್ ತಗೊಳ್ಳಾಕ ಬರ್ತೈತೇನು?"

ಇದು ನನ್ನ ಪಿಯುಸಿ ಪಾಠದಲ್ಲಿ ಇರಲಿಲ್ಲ. ಮರುದಿನ ಊಟದ ಹೊತ್ತಿಗೆ ಇದೇ ಚರ್ಚೆ. ದೇವರ ಹತ್ತಿರ ಮಾತು ಬದಲಾಯಿಸಿದರೆ ಒಳ್ಳೇದಾಗಲ್ಲ ಅಂತ ಒಬ್ಬಳು, ದೇವರಿಗೇ ಗೊತ್ತಿರುತ್ತೆ ಬಿಡಿ ಅಂತ ಇನ್ನೊಬ್ಬಳು. ಹೋಳಿಗೆ ತಿನ್ನಲ್ಲ ಅಂದಿದ್ದವಳೇ ಕೊನೆಗೆ ದಾರಿ ಹೇಳಿದಳು. "ತಪ್ಪುಗಾಣಿಕೆ ಹಾಕಿ ಕೈಮುಗಿದ್ರೆ ಆಯ್ತು ಕಣಕ್ಕ. ಅವಳೂ ಹೆಣ್ಣಲ್ವಾ, ಕಷ್ಟ ಗೊತ್ತಾಗಲ್ವಾ?"

ಮುಂದೊಂದು ಮಂಗಳವಾರ ನೋಡಿದರೆ ಅಕ್ಕ ಎಲ್ಲರ ಜೊತೆ ಕೂತು ರೊಟ್ಟಿ ಮುರಿಯುತ್ತಿದ್ದಾರೆ.

"ಇವತ್ತು ಮಂಗಳವಾರ ಅಲ್ವೇನಕ್ಕ?"

"ಹೌದು. ಸವದತ್ತಿಗೆ ಹೋಗಿ ತಪ್ಪುಗಾಣಿಕಿ ಹಾಕಿ ಬಂದೀನಿ. ಅವಸರ ಮಾಡಬ್ಯಾಡ ತಾಯಿ, ಫೈಲು ಎಲ್ಲಿ ಐತಿ ಅಲ್ಲೇ ಇರ್ಲಿ ಅಂತ ಬೇಡ್ಕೊಂಡೀನಿ." ತುತ್ತು ಬಾಯಿಗೆ ಹೋಗಲಿಲ್ಲ. ಕೈಯಲ್ಲೇ ಹಿಡಿದು ಕೂತರು. "ಈಗ ಏನು ಬೇಡ್ಕೋಬೇಕಂತ ನನಗ ತಿಳೀವಲ್ದು. ಉತ್ತರ ಬಂದ್ರ ಸಾಯ್ತಾನ. ಬರದಿದ್ರ ದಿನಾ ಸಾಯಾಕತ್ತಾನ. ನಾನೂ ಅಷ್ಟ."

ಅತ್ತ ದರಿ ಇತ್ತ ಪುಲಿ ಅಂತ ಸುಲಭವಾಗಿ ಹೇಳುತ್ತೇವೆ. ದರಿ ಪುಲಿಗಳ ನಡುವೆ ಕೂತು ದಿನಾ ಕಾಲರ್ ಹೊಲಿಯುವುದು ಹೇಗಿರುತ್ತದೆ ಅಂತ ನಾನು ಕಣ್ಣಾರೆ ಕಂಡೆ. ಫೋನು ಸದ್ದಾದರೆ ಅಕ್ಕನ ಕಾಲು ಪೆಡಲಿನ ಮೇಲೆ ನಿಂತುಬಿಡುತ್ತಿತ್ತು.

ಕೊನೆಗೂ ಉತ್ತರ ಬಂತು. ಅರ್ಜಿ ತಿರಸ್ಕಾರವಾಗಿತ್ತು. ವಕೀಲೆ ನನಗೆ ಫೋನು ಮಾಡಿದಳು, ನಾನು ಹೋಗಿ ಅಕ್ಕನ ಕಿವಿಯಲ್ಲಿ ಹೇಳಿದೆ. ಹೆದರಬೇಡಿ, ಕೋರ್ಟಿಗೆ ಹೋಗ್ತಿದಾರಂತೆ, ಗೇಟ್ ಪಾಸ್ ಮಾಡಿಸ್ಲಾ ಎಂದೆ. "ಹೊರಗ ಹೋಗಿ ಏನು ಮಾಡ್ಲಿ?" ಎಂದರು. ಸಂಜೆಯವರೆಗೂ ಹೊಲಿದರು. ಅವತ್ತಿನ ಕಾಲರುಗಳಲ್ಲಿ ನಾನು ತಪ್ಪು ಹುಡುಕಲಿಲ್ಲ.

ಮರುದಿನ ಸೂಪರ್‌ವೈಸರ್ ಹತ್ತಿರ ಹೋಗಿ ತನ್ನನ್ನು ಕಾಲರಿನಿಂದ ತೆಗೆದು ಕಫ್ಫಿಗೆ ಹಾಕಿ ಎಂದರು. ಕೆಲಸ ಕಲಿತ ಕೈಯನ್ನು ಯಾಕೆ ಬದಲಿಸಬೇಕು ಎಂದು ಅವನು ಕೇಳಿದ. ಕಾರಣವನ್ನು ಅಕ್ಕ ನನಗೆ ಮಾತ್ರ ಹೇಳಿದ್ದರು: "ಕುತ್ತಿಗಿ ಅಳತಿ ನನ್ನ ಕೈಯಾಗ ಬ್ಯಾಡ ತಂಗಿ." ನಾನು ನಡುವೆ ಬಾಯಿ ಹಾಕಿ, ಅವರಿಗೆ ಕಣ್ಣು ಮಂಜು, ಕಾಲರಿನ ಮೂಲೆ ಕಾಣಲ್ಲ ಅಂತ ಜೋರು ಮಾಡಿದೆ. ಅವನು ಗೊಣಗುತ್ತಾ ಒಪ್ಪಿದ. ಆಮೇಲೆ ಕೆಲಸ ಬಿಡುವ ತನಕ ಅಕ್ಕ ಕಫ್ ಹೊಲಿದರು.

ಕೋರ್ಟು ಮೊದಲು ತಡೆ ಕೊಟ್ಟಿತು. ಮತ್ತೆ ಕಾಯುವುದು. ಆಮೇಲೆ ದೆಹಲಿಯ ದೊಡ್ಡ ಕೋರ್ಟು ಅಕ್ಕನ ಗಂಡನ ಗಲ್ಲನ್ನು ಜೀವಾವಧಿಗೆ ಇಳಿಸಿತು. ನಮ್ಮ ಲೈನಿನ ಹೆಂಗಸರೆಲ್ಲ ಸೇರಿ ಬೇಕರಿಯಿಂದ ಮೈಸೂರು ಪಾಕು ತರಿಸಿದೆವು. ಅಕ್ಕ ಒಂದು ಚೂರು ಬಾಯಿಗೆ ಹಾಕಿಕೊಂಡು ನನ್ನನ್ನು ಕೇಳಿದರು.

"ಕ್ಷಮಾ ಮಾಡಿದ್ರೇನು?"

"ಕ್ಷಮೆ ಕೋರ್ಟಿನ ಕೆಲಸ ಅಲ್ವಲ್ಲಕ್ಕ. ತುಂಬಾ ಕಾಯಿಸಿದ್ದು ತಪ್ಪು ಅಂತ ಶಿಕ್ಷೆ ಇಳಿಸಿದೆ."

"ಅಂದ್ರ ಯಾರೂ ಮಾಡ್ಲಿಲ್ಲ," ಎಂದರು. ಆಮೇಲೆ ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಖುಷಿಗೆ ಅಳುತ್ತಿದ್ದಾರೆಂದು ಉಳಿದವರು ಬೆನ್ನು ಸವರಿದರು. ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಅಕ್ಕ ಇವೆರಡರಲ್ಲಿ ಯಾವುದೆಂದು ನನಗೆ ಹೇಳಲು ಬರಲಿಲ್ಲ.

ಒಂದಷ್ಟು ಕಾಲ ಕಳೆದ ಮೇಲೆ ಅವನು ಪೆರೋಲ್ ಕೇಳಿದ. ಕೆಲವು ದಿನ ಮನೆಗೆ ಹೋಗಿ ಬರಲು ಜೈಲಿನವರು ಬಿಡುವುದುಂಟು. ಆದರೆ ಇಟ್ಟುಕೊಳ್ಳುತ್ತೇವೆ ಅಂತ ಮನೆಯವರು ಒಪ್ಪಬೇಕು. ಪೊಲೀಸಿನವನೊಬ್ಬ ಲಗ್ಗೆರೆಯ ವಠಾರಕ್ಕೆ ಬಂದು, ಅಕ್ಕನ ಒಂದು ಕೋಣೆಯ ಮನೆಯ ಬಾಗಿಲಲ್ಲಿ ನಿಂತು ಕೇಳಿದ. "ನಿಮ್ಮ ಯಜಮಾನ್ರನ್ನ ಬಿಟ್ರೆ ಜವಾಬ್ದಾರಿ ತಗೋತೀರೇನಮ್ಮಾ?"

"ವಿಚಾರ ಮಾಡಿ ಹೇಳ್ತೀನ್ರಿ," ಎಂದರಂತೆ ಅಕ್ಕ.

ಆ ವಾರವೇ ಊರಿಗೆ ಹೋದರು. ಅಲ್ಲಿ ಕೊಲೆ ನಡೆದ ಬೆಳಗಿನಿಂದ ಈಚೆಗೆ ತಾವು ಒಮ್ಮೆಯೂ ಹೋಗದ ನೆಗೆಣ್ಣಿಯ ಮನೆಯ ಮುಂದೆ ನಿಂತರು. ಆಕೆ ಬೈಯಲಿಲ್ಲ. ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅಕ್ಕ ಪೆರೋಲಿನ ಮಾತು ಹೇಳಿದರು. ಆಕೆ ಹೊಸ್ತಿಲ ಮೇಲೆ ಕೂತು, "ನೀ ಯಾವಾಗ ಬೇಕಾದ್ರೂ ಬಾ. ನನಗೂ ಯಾರಿಲ್ಲ. ಆದ್ರ ಅವಂಗ ಬಾಗಿಲಾ ತೆಗದು ಬರಬ್ಯಾಡ," ಎಂದಳಂತೆ.

ಅಕ್ಕ ಬೆಂಗಳೂರಿಗೆ ಬಂದು ಪೊಲೀಸಿನವನಿಗೆ ಒಲ್ಲೆ ಎಂದರು. ಗಂಡ ಮತ್ತೆ ಅರ್ಜಿ ಹಾಕಿದ, ಇವರು ಮತ್ತೆ ಒಲ್ಲೆ ಎಂದರು. ನನಗೆ ಸಿಟ್ಟೇ ಬಂತು. "ಇಷ್ಟು ವರ್ಷ ಅವನ ಜೀವಕ್ಕೆ ಉಪವಾಸ ಬಿದ್ದು ಈಗ ಬಾಗಿಲು ಹಾಕ್ತೀರಲ್ಲಕ್ಕ, ಇದೆಂಥ ನ್ಯಾಯ?" ಎಂದು ರೇಗಿದೆ.

"ಸಾಯಬಾರದು ಅಂದೆ ತಂಗಿ. ಬರ್ಲಿ ಅಂತ ನಾ ಯಾವಾಗ ಅಂದೀನಿ?"

"ಒಲ್ಲೆ ಅಂದಿದ್ದು ನೀವೇ ಅಂತ ಅವನಿಗೆ ಗೊತ್ತಾ?"

"ಸರ್ಕಾರ ಒಲ್ಲೆ ಅಂತು ಅಂದೀನಿ. ಸರ್ಕಾರದ ಹೆಗಲು ದೊಡ್ಡದು, ಹೊರ್ತೈತಿ. ನಂದು ಅಂತ ಹೇಳಿದ್ರ ಅಂವ ಒಳಗ ಹೆಂಗ ಇರ್ತಾನ?" ಆಮೇಲೆ ಹೇಳಿದರು. "ಯಾರಿಗೂ ಹೇಳಬ್ಯಾಡ."

ಜೈಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹೋಳಿಗೆ ಮಾಡುವುದನ್ನೂ ಬಿಡಲಿಲ್ಲ. ಕಣ್ಣು ನಿಜವಾಗಿಯೂ ಮಂಜಾದಾಗ ಕೆಲಸ ಬಿಟ್ಟು ನೆಗೆಣ್ಣಿಯ ಮನೆಗೆ ಹೋದರು. ಇಬ್ಬರೂ ಒಂದೇ 'ಒಲಿ' ಹಚ್ಚುತ್ತೇವೆ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಆ ಮಾತು ಹೇಳುವಾಗ ದನಿಯಲ್ಲಿ ಸಮಾಧಾನವಿತ್ತು. ಅವನ ಮಾತು ಬಂದರೆ ಆ ದನಿ ಇಳಿದುಹೋಗುತ್ತಿತ್ತು.

ಹೃದಯ ನಿಂತು ಅಕ್ಕ ಹೋದರು. ನೆಗೆಣ್ಣಿಯೇ ಫೋನು ಮಾಡಿಸಿದಳು. ನಾನು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಅಂಗಳದಲ್ಲಿ ಅಕ್ಕನನ್ನು ಕೂರಿಸಿ ವಿಭೂತಿ ಹಚ್ಚಿದ್ದರು. ಸ್ವಲ್ಪ ಹೊತ್ತಿಗೆ ಪೊಲೀಸ್ ಜೀಪು ಬಂತು. ಜನ ಎರಡೂ ಕಡೆ ಸರಿದರು. ನೆಗೆಣ್ಣಿ ಎದ್ದು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಇಳಿದವನು ಹಣ್ಣುಹಣ್ಣು ಮುದುಕ. ಆ ಕೊಡಲಿ ಹಿಡಿದ ಕೈ ಇದೇನಾ ಅನ್ನುವಷ್ಟು ಸಣಕಲು. ಅವನನ್ನು ನೋಡಿದರೆ ಕೋಪ ಬರಬೇಕು ಅಂತ ನಾನು ಕಾದೆ, ಬರಲಿಲ್ಲ. ಅಕ್ಕನ ಪಾದ ಮುಟ್ಟಿದ. ಮಣ್ಣು ಮಾಡಿದ ಮೇಲೆ, ಜೀಪು ಹೊರಡುವ ಮೊದಲು, ಇಬ್ಬರು ಪೊಲೀಸರ ನಡುವೆ ಕೂತಿದ್ದವನು ನಾನು ಯಾರೆಂದು ಕೇಳಿದ. ಬೆಂಗಳೂರಿನಲ್ಲಿ ಅಕ್ಕನ ಜೊತೆ ಕೆಲಸ ಮಾಡುತ್ತಿದ್ದವಳು ಎಂದೆ.

"ಆಕಿ ಇರೂತನಕ ಒಂದ್ಸಲನೂ ನನ್ನ ಬಿಡ್ಲಿಲ್ಲ ನೋಡವಾ ಸರ್ಕಾರದವ್ರು," ಎಂದ. "ಎಷ್ಟ ಮಂದಿ ಕಾಲ ಹಿಡಿದಿದ್ಲೋ ಏನೋ, ಪಾಪ."

"ಹೂಂ ಅಣ್ಣ," ಎಂದೆ. "ತುಂಬಾ ಕೇಳ್ಕೊಂಡ್ರು. ಸರ್ಕಾರದೋರೇ ಬಿಡ್ಲಿಲ್ಲ."